ದೂರದ ಬೈಕ್ ಪ್ರಯಾಣ: ಗಾಡಿಯ ಜೊತೆ ದೇಹವನ್ನೂ ಸಿದ್ಧಗೊಳಿಸಿ

ಯುಗಾದಿ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಊರುಗಳಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಹಲವರು ಮಲ್ಲಯ್ಯನ ಕಂಬಿಯೊಂದಿಗೆ ಪಾದಯಾತ್ರೆ ಹೊರಡುತ್ತಾರೆ. ನಾಲ್ಕಾರು ಗೆಳೆಯರು ಸೇರಿ ಬೈಕ್ ಮೇಲೆ ಹೋಗುವುದೂ ಈಗ ಸಾಮಾನ್ಯ. ಚಿಮ್ಮಡದಿಂದ ಅಲ್ಲಿಗೆ ಸುಮಾರು 500 ಕಿ.ಮೀ. ಹಾದಿ. ಗಾಡಿಗೆ ಆಯಿಲ್ ಬದಲಿಸಿ, ಟಾಯರಿಗೆ ಗಾಳಿ ತುಂಬಿಸಿ, ಬ್ರೇಕ್ ಬಿಗಿ ಮಾಡಿಸಿ ಹುಡುಗರು ಹೊರಡುತ್ತಾರೆ. ‘ಸಾವಕಾಶ ಹೋಗಿ ಬಾರಪ್ಪಾ’ ಎಂದು ಕಳಿಸಿದ ತಾಯಿ, ಮುಟ್ಟಿದ ಸುದ್ದಿ ಬರುವವರೆಗೆ ಕಣ್ಣು ಮುಚ್ಚುವುದಿಲ್ಲ.

ಗಾಡಿಯ ತಪಾಸಣೆ ಮಾಡಿಸಿದ್ದಾಯಿತು. ಅದನ್ನು ಓಡಿಸುವ ದೇಹದ ತಪಾಸಣೆ?

ಆಫ್ರಿಕಾದ ಪಾಠ

ಬೈಕ್ ಮೇಲೆ ಆಫ್ರಿಕಾದ ಹಳ್ಳಿಗಾಡನ್ನು ಸುತ್ತುವ ಸಾಹಸಿಗಳ ದೃಶ್ಯಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಕೆಂಪು ಮಣ್ಣಿನ ದಾರಿ, ಜಿರಾಫೆ, ಗೆಳೆಯರ ನಗು, ಎಲ್ಲವೂ ಚೆಂದವೇ. ಆದರೆ ಅದರ ಹಿಂದಿನ ಸಿದ್ಧತೆ ಕಣ್ಣಿಗೆ ಬೀಳುವುದಿಲ್ಲ. ಕೀನ್ಯಾ, ಉಗಾಂಡಾ, ಘಾನಾಗಳಂಥ ದೇಶಗಳಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರವಿದೆ. ಇದಕ್ಕೆ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. 2016ರಿಂದ ಈ ಲಸಿಕೆಯ ಪ್ರಮಾಣಪತ್ರ ಜೀವನಪರ್ಯಂತ ಸಿಂಧು. ಪ್ರಮಾಣಪತ್ರವಿಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳಿದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚು ಆಫ್ರಿಕಾದವು. ಆದ್ದರಿಂದ ವೈದ್ಯರ ಸಲಹೆಯಂತೆ ಹೊರಡುವ ಮೊದಲೇ ಮಾತ್ರೆ ಆರಂಭಿಸಿ, ಮರಳಿದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ಕೆರೆ-ಸರೋವರ ಕಂಡಲ್ಲೆಲ್ಲ ಈಜುವಂತಿಲ್ಲ. ಬಸವನಹುಳುವಿನ ಮೂಲಕ ಹರಡುವ ಬಿಲ್‌ಹಾರ್ಜಿಯಾ ರೋಗದ ಹುಳು ಚರ್ಮದ ಮೂಲಕವೇ ದೇಹವನ್ನು ಸೇರುತ್ತದೆ.

ಇಷ್ಟೆಲ್ಲ ಇದ್ದರೂ ಬೈಕ್ ಸವಾರ ಅಲ್ಲಿ ಮುಖ್ಯವಾಗಿ ಹೆದರಬೇಕಾದದ್ದು ಸಿಂಹಕ್ಕಲ್ಲ, ರಸ್ತೆಗೆ. ಜನಸಂಖ್ಯೆಗೆ ಹೋಲಿಸಿದರೆ ರಸ್ತೆ ಅಪಘಾತದ ಸಾವು ಆಫ್ರಿಕಾದಲ್ಲೇ ಅತಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳು ಹೇಳುತ್ತವೆ. ನಮ್ಮ ಹಾದಿಗೂ ಈ ಪಾಠ ಅನ್ವಯಿಸುತ್ತದೆ.

ದಣಿವು ಎಂಬ ಗುಪ್ತ ಶತ್ರು

ಹಗಲೆಲ್ಲ ಹೊಲದಲ್ಲೋ ಮಗ್ಗದ ಮುಂದೋ ದುಡಿದು, ಬಿಸಿಲು ತಪ್ಪಿಸಲೆಂದು ರಾತ್ರಿ ಊಟ ಮುಗಿಸಿ ಹೊರಡುವುದು ಹಲವರ ರೂಢಿ. ಇದು ಅತ್ಯಂತ ಅಪಾಯಕಾರಿ. ನಸುಕಿನ 2ರಿಂದ 5 ಗಂಟೆಯವರೆಗೆ ಹಾಗೂ ಮಧ್ಯಾಹ್ನದ ಊಟದ ನಂತರ ನಿದ್ರೆ ತಾನಾಗಿಯೇ ಒತ್ತಿ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ತೂಕಡಿಸಿದರೆ ಗಾಡಿ 50 ಮೀಟರ್ ದೂರ ಸವಾರನಿಲ್ಲದಂತೆಯೇ ಓಡಿರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಜೋಡಿ ಟ್ರೇಲರಿನ ಟ್ರಾಕ್ಟರ್ ಮುಂದಿದ್ದರೆ ಆ 50 ಮೀಟರ್ ಸಾಕು.

ಚಹಾ ಕುಡಿದರೆ ನಿದ್ರೆ ಸ್ವಲ್ಪ ಹೊತ್ತು ಮುಂದೆ ಹೋಗುತ್ತದೆ ಅಷ್ಟೆ, ಹೋಗಿಬಿಡುವುದಿಲ್ಲ. ಆಕಳಿಕೆ ಮೇಲಿಂದ ಮೇಲೆ ಬಂದರೆ, ದಾಟಿ ಬಂದ ಊರು ನೆನಪಾಗದಿದ್ದರೆ ಗಾಡಿ ನಿಲ್ಲಿಸಿ. ಸುರಕ್ಷಿತ ಜಾಗದಲ್ಲಿ 20 ನಿಮಿಷ ಮಲಗಿ. ಹಿಂದಿನ ರಾತ್ರಿ 7 ಗಂಟೆ ನಿದ್ರೆ ಮಾಡಿ ಬೆಳಗ್ಗೆ ಹೊರಡುವುದು ಉತ್ತಮ. ನೆಗಡಿ, ತುರಿಕೆಗೆ ನುಂಗುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಮದ್ಯದ ಮಾತನ್ನಂತೂ ಹೇಳಬೇಕಿಲ್ಲ.

ನೀರು, ಆಹಾರ, ಬೆನ್ನು

ಬಿಸಿಗಾಳಿಗೆ ಬೆವರು ಒಡನೆಯೇ ಆರುವುದರಿಂದ ನೀರು ಕಡಿಮೆಯಾದದ್ದು ಸವಾರನಿಗೆ ತಿಳಿಯುವುದಿಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ದೇಹ ನೀರು ಕೇಳುತ್ತಿದೆ ಎಂದರ್ಥ. ನೀರು, ಮಜ್ಜಿಗೆ, ಅಂಬಲಿ ಒಳ್ಳೆಯವು. ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಿರಿ. ಚಮಚವೆಂದರೆ ಚಹಾ ಚಮಚ. ಮನೆಯಿಂದ ಕಟ್ಟಿಕೊಂಡ ಕಟಕ ರೊಟ್ಟಿ, ಶೇಂಗಾ ಚಟ್ನಿ ದಾರಿಯ ಕರಿದ ತಿಂಡಿಗಿಂತ ಹೊಟ್ಟೆಗೆ ಹಿತ.

ಮಧುಮೇಹಿಗಳು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಬಾರದು. ಕಿಸೆಯಲ್ಲಿ ಸಕ್ಕರೆ ಇರಲಿ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಅಡ್ಡಾಡಿದರೆ ಬೆನ್ನಿಗೂ ಮೊಣಕಾಲಿಗೂ ಆರಾಮ. ಸೈಲೆನ್ಸರ್ ತಗುಲಿ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಮಸಿ ಹಚ್ಚಬೇಡಿ.

ಹೆಲ್ಮೆಟ್, ನಂತರ ಗೆಳೆಯ

ಹೆಲ್ಮೆಟ್ ಧರಿಸಿದ ಸವಾರನಿಗೆ ಅಪಘಾತದಲ್ಲಿ ತಲೆಗೆ ಪೆಟ್ಟಾಗುವ ಅಪಾಯ ಶೇ. 69ರಷ್ಟು, ಸಾಯುವ ಅಪಾಯ ಶೇ. 42ರಷ್ಟು ಕಡಿಮೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆ ತಿಳಿಸಿದೆ. ಆದರೆ ಪಟ್ಟಿಯನ್ನು ಗದ್ದದ ಕೆಳಗೆ ಕಟ್ಟಿರಬೇಕು. ಹಿಂದೆ ಕುಳಿತವರ ತಲೆಯೂ ತಲೆಯೇ.

ಗೆಳೆಯ ಬಿದ್ದರೆ ಮೊದಲು ಹಿಂದಿನಿಂದ ಬರುವ ವಾಹನಗಳಿಗೆ ಸೂಚನೆ ಕೊಟ್ಟು, 108ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆಯನ್ನು ಅಲುಗಾಡಿಸಬೇಡಿ, ನೀರು ಕುಡಿಸಬೇಡಿ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ತೆಗೆಯಲೇಬೇಕಾದರೆ ಒಬ್ಬರು ಕುತ್ತಿಗೆ ಹಿಡಿದಿರಲಿ, ಇನ್ನೊಬ್ಬರು ಮೆಲ್ಲಗೆ ಎಳೆಯಲಿ. ದಾರಿಹೋಕರೂ ಪೊಲೀಸ್, ಕೋರ್ಟು ಎಂದು ಹಿಂಜರಿಯಬೇಕಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸಹಾಯ ಮಾಡಿದವರಿಗೆ ರಕ್ಷಣೆ ನೀಡಿದೆ.

ಗುಂಪಿನ ವೇಗವನ್ನು ಗಟ್ಟಿಗ ಸವಾರ ನಿರ್ಧರಿಸಬಾರದು, ಎಲ್ಲರಿಗಿಂತ ಹೆಚ್ಚು ದಣಿದವನು ನಿರ್ಧರಿಸಬೇಕು. ‘ನನಗೆ ನಿದ್ದೆ ಬರ್ತದ’ ಎಂದು ಹೇಳುವುದು ನಾಚಿಕೆಯಲ್ಲ. ಹಾಗೆ ಹೇಳಿದವನನ್ನು ನಗೆಯಾಡುವುದೇ ತಪ್ಪು. ಪಾದಯಾತ್ರಿಗಳು ಕಾಲು ನೊಂದವನಿಗಾಗಿ ನಿಂತು ಜೊತೆಗೆ ಕರೆದೊಯ್ಯುತ್ತಾರೆ. ಬೈಕ್ ಸವಾರರೂ ಈ ರೂಢಿಯನ್ನು ಕಲಿಯಲಿ. ಶ್ರೀಶೈಲಕ್ಕೆ ಒಂದು ದಿನ ತಡವಾಗಿ ಮುಟ್ಟಿದರೆ ಮಲ್ಲಯ್ಯ ಕೋಪಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಎಚ್ಚರವಿದ್ದು ಕಾಯುವ ತಾಯಿಗೆ ಬೇಕಾದದ್ದು ಮಗ ಬೇಗ ಬರುವುದಲ್ಲ, ಬರುವುದು.