‘ದೌರ್ಜನ್ಯ’ ಠಾಣೆಯ ಮೆಟ್ಟಿಲು ಹತ್ತಿದ್ದು

ಹೊಸೂರು, ಕೃಷ್ಣಗಿರಿ ಕಡೆ ಜನ ಅದನ್ನು ‘ಪಿಸಿಆರ್ ಕೇಸು’ ಎನ್ನುತ್ತಾರೆ. ಗಡಿ ದಾಟಿ ಅತ್ತಿಬೆಲೆಗೆ ಬಂದರೆ ‘ಅಟ್ರಾಸಿಟಿ ಕೇಸು’, ಇಲ್ಲವೇ ‘ಜಾತಿನಿಂದನೆ ಕೇಸು’. ಕಾನೂನು ಮಾತ್ರ ಒಂದೇ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989. ತಮಿಳಿನಲ್ಲಿ ದೌರ್ಜನ್ಯಕ್ಕೆ ‘ವನ್ಕೊಡುಮೈ’ ಎಂಬ ಮಾತಿದೆ. ಕಡುಕ್ರೌರ್ಯ ಎಂದು ಅರ್ಥ.

ಕನ್ನಡದ ಪದ ಬೇರೆ ದಾರಿಯಲ್ಲಿ ಬಂದದ್ದು. ಸುಜನನಿಂದ ಸೌಜನ್ಯ, ದುರ್ಜನನಿಂದ ದೌರ್ಜನ್ಯ. ಹಳೆಯ ಕಾವ್ಯಗಳ ಪೀಠಿಕೆಯಲ್ಲಿ ಕವಿಗಳು ಸಜ್ಜನರನ್ನು ಹೊಗಳಿ ದುರ್ಜನರನ್ನು ತೆಗಳುತ್ತಿದ್ದರು. ಅಲ್ಲಿ ಅದು ಒಬ್ಬ ಮನುಷ್ಯನ ಕೆಟ್ಟ ಗುಣ. ಒಂದು ಕೇರಿಯ ಮೇಲೆ ಇಡೀ ಊರೇ ಎರಗಿದಾಗಲೂ ಅದೇ ಪದ ಬಳಸುವಂತಾದದ್ದು ಬಹಳ ಈಚೆಗೆ.

ಮೊದಲು ಬಂದದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಪಿಸಿಆರ್ ಎಂಬುದು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಗುಡಿ, ಬಾವಿ, ಹೋಟೆಲಿಗೆ ಬಿಡದಿರುವುದನ್ನು ಅದು ಅಪರಾಧ ಎಂದಿತು. ಆದರೆ 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ, ಕೂಲಿ ಹೆಚ್ಚಿಸಿ ಎಂದು ಕೇಳಿದ ದಲಿತ ಕುಟುಂಬಗಳ 44 ಮಂದಿಯನ್ನು ಸುಟ್ಟು ಕೊಂದಿದ್ದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಇದನ್ನೆಲ್ಲ ಅಸ್ಪೃಶ್ಯತೆ ಎಂದು ಕರೆದರೆ ಸಾಕೇ?

1990ರ ಜನವರಿ 30ರಂದು ಹೊಸ ಕಾಯ್ದೆ ಜಾರಿಗೆ ಬಂತು. ಅದು ಪಟ್ಟಿ ಮಾಡಿದ ಮೊದಲ ಅಪರಾಧವೇ ತಿನ್ನಬಾರದ್ದನ್ನು ತಿನ್ನಿಸುವುದು. ಬೆತ್ತಲೆ ಮೆರವಣಿಗೆ, ಜಮೀನು ಕಸಿಯುವುದು, ಮತ ಹಾಕದಂತೆ ತಡೆಯುವುದು ಅದರ ಜೊತೆಗಿವೆ. 2016ರಿಂದ ಜಾರಿಯಾದ ತಿದ್ದುಪಡಿ ಚಪ್ಪಲಿ ಹಾರ ಹಾಕುವುದನ್ನೂ ಬಹಿಷ್ಕಾರವನ್ನೂ ಸೇರಿಸಿತು. ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರೆತ್ತಿ ಬೈಯುವುದು ಇಷ್ಟು ದೊಡ್ಡ ಪಟ್ಟಿಯಲ್ಲಿ ಒಂದು.

2018ರ ನವೆಂಬರಿನಲ್ಲಿ ಹೊಸೂರು ಸಮೀಪದ ಹಳ್ಳಿಯ ಯುವ ದಂಪತಿಯ ಶವಗಳು ಮಂಡ್ಯ ಜಿಲ್ಲೆಯ ಶಿವನಸಮುದ್ರದ ಬಳಿ ಕಾವೇರಿಯಲ್ಲಿ ಸಿಕ್ಕವು. ಹುಡುಗ ದಲಿತ, ಹುಡುಗಿ ಬೇರೆ ಜಾತಿ. ಅವನ ಟೀ ಶರ್ಟಿನ ಮೇಲಿದ್ದ ಅಂಬೇಡ್ಕರ್ ಚಿತ್ರ ಮತ್ತು ಊರ ಹೆಸರಿನಿಂದ ಗುರುತು ಹತ್ತಿತು. ಅಲ್ಲಿ ನಡೆದದ್ದು ನಿಂದನೆಯಲ್ಲ, ಕೊಲೆ.

ಆದರೂ ನಮ್ಮ ಎಷ್ಟೋ ಸುದ್ದಿಗಳಲ್ಲಿ ಈ ಕಾಯ್ದೆಯ ಹೆಸರು ಇಂದಿಗೂ ‘ಜಾತಿನಿಂದನೆ ಕಾಯ್ದೆ’. ಹಾಗೆ ಬರೆದರೆ ಓದುಗನಿಗೆ ಬಾಯಿಜಗಳವಷ್ಟೇ ಕಾಣುತ್ತದೆ. ವರದಿಗಾರ ಗೆಳೆಯರಲ್ಲಿ ಒಂದು ವಿನಂತಿ: ಬೈದದ್ದನ್ನು ನಿಂದನೆ ಎನ್ನಿ, ಕಾಯ್ದೆಯನ್ನು ಅದರ ಪೂರ್ತಿ ಹೆಸರಿನಿಂದಲೇ ಬರೆಯಿರಿ.