ಓಟ ಮುಗಿದ ಹೆಣ್ಣುಕುದುರೆಯ ಮುಂದಿನ ಬಾಳು

೨೦೧೯ನೆಯ ಇಸವಿ ಏಪ್ರಿಲ್ ೧೩ರಂದು ಆಸ್ಟ್ರೇಲಿಯದ ಸಿಡ್ನಿ ನಗರದ ರ್‍ಯಾಂಡ್‌ವಿಕ್ ಓಟದ ಬಯಲಿನಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕ ಜನ ನೆರೆದಿದ್ದರು. ಬಾಜಿ ಕಟ್ಟಿ ಹಣ ಮಾಡುವ ಆಸೆಯಿಂದ ಬಂದವರು ಅವರಲ್ಲಿ ಕಡಿಮೆಯೇ ಇದ್ದಿರಬೇಕು. ಗೆಲ್ಲುವ ಕುದುರೆ ಯಾವುದೆಂಬುದು ಎಲ್ಲರಿಗೂ ಮೊದಲೇ ತಿಳಿದಿದ್ದುದರಿಂದ ಅದರ ಮೇಲೆ ಕಟ್ಟಿದವರಿಗೆ ದೊರೆಯುವ ಲಾಭ ಪುಡಿಗಾಸು. ವಿಂಕ್ಸ್ ಎಂಬ ಏಳು ವರ್ಷದ ಹೆಣ್ಣುಕುದುರೆ ಅಂದು ಕಡೆಯ ಬಾರಿ ಓಡಲಿದ್ದಳು. ಓಡಿದಳು, ಗೆದ್ದಳು. ೨೦೧೫ರ ಮೇ ತಿಂಗಳಿನಿಂದ ಒಮ್ಮೆಯೂ ಸೋಲದೆ ಬಂದ ಅವಳಿಗೆ ಅದು ಒಂದರ ಹಿಂದೊಂದಾಗಿ ೩೩ನೆಯ ಗೆಲವು. ಒಟ್ಟು ಓಡಿದ್ದು ೪೩, ಗೆದ್ದದ್ದು ೩೭. ಅವಳ ಪಳಗಿಸುವವರಾದ ಕ್ರಿಸ್ ವಾಲರ್, ಜಾಕಿ ಹ್ಯೂ ಬೋಮನ್ ಇಬ್ಬರ ಹೆಸರೂ ಅವಳ ಹೆಸರಿನೊಂದಿಗೆ ಬೆಸೆದುಹೋಯಿತು. (ಕುದುರೆಯನ್ನು ‘ಅವಳು’ ಎನ್ನುವುದಕ್ಕೆ ವಾಚಕರು ಹುಬ್ಬೇರಿಸಬಾರದು. ಲಾಯದಲ್ಲಿ ಬೆಳಗಾಗೆದ್ದು ಅವಳ ಮೈ ಉಜ್ಜುವವರಾರೂ ‘ಅದು’ ಎನ್ನುವುದಿಲ್ಲ.)

ಆದರೆ ಚಪ್ಪಾಳೆ ನಿಂತ ಮರುದಿನ ಏನು? ಕುದುರೆಯ ಆಯುಸ್ಸು ಸಾಮಾನ್ಯವಾಗಿ ಇಪ್ಪತ್ತೈದರಿಂದ ಮೂವತ್ತು ವರ್ಷ. ಎರಡನೆಯ ವಯಸ್ಸಿಗೇ ಓಟಕ್ಕಿಳಿಯುವ ಥರೋಬ್ರೆಡ್ ಕುದುರೆಗಳಲ್ಲಿ ಹೆಚ್ಚಿನವು ನಾಲ್ಕು, ಐದು, ಆರರ ಹೊತ್ತಿಗೆ ನಿವೃತ್ತಿ ಹೊಂದುತ್ತವೆ. ದುಡಿಮೆ ಮೂರು ನಾಲ್ಕು ವರ್ಷ. ಉಳಿದ ಬಾಳು ಇಪ್ಪತ್ತು ವರ್ಷ. ಈ ಇಪ್ಪತ್ತು ವರ್ಷದ ಹುಲ್ಲುನೀರಿನ ಲೆಕ್ಕವನ್ನು ಕುದುರೆ ಕೊಳ್ಳುವ ದಿನವೇ ಹಾಕುವ ಧಣಿಗಳು ಎಷ್ಟು ಮಂದಿ?

ಲೆಕ್ಕ ಹಾಕದಿದ್ದರೆ ಆಗುವುದೇನೆಂಬುದಕ್ಕೆ ಫರ್ಡಿನಂಡ್ ಎಂಬ ಗಂಡುಕುದುರೆಯ ಕಥೆ ಸಾಕು. ೧೯೮೬ರಲ್ಲಿ ಅಮೆರಿಕದ ಕೆಂಟಕಿ ಡರ್ಬಿಯನ್ನು ಗೆದ್ದ ಕುದುರೆ ಅದು. ಮುಂದೆ ಸಂತಾನಕ್ಕೆಂದು ಜಪಾನಿಗೆ ಮಾರಿದರು. ಅಲ್ಲಿ ಬೇಡಿಕೆ ಇಳಿಯಿತು. ಕೈಯಿಂದ ಕೈಗೆ ದಾಟಿತು. ೨೦೦೨ರಲ್ಲಿ ಕಸಾಯಿಖಾನೆ ಸೇರಿತು. ಸುದ್ದಿ ಹೊರಬಿದ್ದದ್ದು ಮರುವರ್ಷ. ಅಮೆರಿಕದ ಜನ ನಾಚಿದರು, ಕೆರಳಿದರು. ಬಳಿಕ ನ್ಯೂಯಾರ್ಕಿನಲ್ಲಿ ಕುದುರೆಯ ಧಣಿಗಳು ಪ್ರತಿ ಓಟಕ್ಕೂ ತೆರುವ ಒಂದು ಸಣ್ಣ ವಂತಿಗೆಗೆ ಅದರ ಹೆಸರನ್ನೇ ಇಟ್ಟು, ಆ ಹಣವನ್ನು ನಿವೃತ್ತ ಕುದುರೆಗಳ ಪೋಷಣೆಗೆ ಮೀಸಲಾಗಿಸಿದರು. ಇದಕ್ಕೆ ಎಷ್ಟೋ ಮೊದಲೇ, ೧೯೮೩ರಲ್ಲಿ, ಅದೇ ದೇಶದಲ್ಲಿ ಥರೋಬ್ರೆಡ್ ನಿವೃತ್ತಿ ಪ್ರತಿಷ್ಠಾನವೆಂಬುದು ಹುಟ್ಟಿತ್ತು. ವಾಲ್‌ಕಿಲ್ ಎಂಬಲ್ಲಿಯ ಸೆರೆಮನೆಯ ಜಮೀನಿನಲ್ಲಿ ಖೈದಿಗಳೇ ನಿವೃತ್ತ ಕುದುರೆಗಳನ್ನು ಸಾಕುವ ಏರ್ಪಾಟು ಅದರ ಕೆಲಸಗಳಲ್ಲೊಂದು. ಸಮಾಜಕ್ಕೆ ಬೇಡವಾದ ಎರಡು ಜೀವಗಳು ಒಂದನ್ನೊಂದು ನೋಡಿಕೊಳ್ಳುವ ಆ ಚಿತ್ರ ಯಾವ ಕಾದಂಬರಿಕಾರನಿಗೂ ಅಷ್ಟು ಸುಲಭವಾಗಿ ಹೊಳೆಯಲಾರದು.

ಹೆಣ್ಣುಕುದುರೆಯ ಮುಂದೆ ಇನ್ನೊಂದು ಬಾಗಿಲಿದೆ, ಅದು ತಾಯ್ತನ. ಓಟ ನಿಲ್ಲಿಸಿದೊಡನೆ ಅವಳನ್ನು ಮರಿ ಹಾಕಲು ಕಳುಹಿಸುವುದು ಧಣಿಗೆ ಲಾಭ, ಅವಳಿಗೆ ವಿಶ್ರಾಂತಿ ಎಂದು ಜನ ನಂಬುತ್ತಾರೆ. ಮೊದಲಿನದು ಕೆಲವೊಮ್ಮೆ ನಿಜ. ಎರಡನೆಯದು ನಿಜವೆಂದು ಹೇಳಲು ನನಗೆ ನಾಲಗೆ ಬಾರದು. ಗರ್ಭ ಹನ್ನೊಂದು ತಿಂಗಳು. ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಥರೋಬ್ರೆಡ್ ವಂಶಾವಳಿಯಲ್ಲಿ ಜಾಗವಿಲ್ಲ. ಆದ್ದರಿಂದ ಅವಳೇ ಗಂಡಿನ ಬಳಿಗೆ ಹೋಗಬೇಕು. ಆಸ್ಟ್ರೇಲಿಯದಲ್ಲಿ ಎಲ್ಲ ಮರಿಗಳ ವಯಸ್ಸನ್ನೂ ಆಗಸ್ಟ್ ೧ರಿಂದ ಎಣಿಸುತ್ತಾರೆ. ನಮ್ಮಲ್ಲಿ ಜನವರಿ ೧ರಿಂದ. ಮರಿ ವರ್ಷದ ಆರಂಭದಲ್ಲೇ ಹುಟ್ಟಿದರೆ ಓರಗೆಯವುಗಳಿಗಿಂತ ಬಲಿತು ನಿಲ್ಲುತ್ತದೆಂದು ಧಣಿಗಳ ಆತುರ. ವಿಂಕ್ಸಳನ್ನು ಏಪ್ರಿಲಿನಲ್ಲಿ ನಿಲ್ಲಿಸಿದ್ದರಿಂದ, ಅಲ್ಲಿ ಸೆಪ್ಟೆಂಬರಿನಲ್ಲಿ ಮೊದಲಾಗುವ ಸಂತಾನದ ಋತುವಿಗೆ ಮುಂಚೆ ಅವಳ ಮೈಮನಸ್ಸು ಸಡಿಲಗೊಳ್ಳಲು ನಾಲ್ಕೈದು ತಿಂಗಳ ಬಿಡುವು ಸಿಕ್ಕಿತು.

ಇಷ್ಟಾದರೂ ಆದದ್ದೇನು? ೨೦೨೦ರ ಅಕ್ಟೋಬರಿನಲ್ಲಿ ಅವಳ ಚೊಚ್ಚಲ ಮರಿ ಉಳಿಯಲಿಲ್ಲ. ಜಗತ್ತಿನ ಅತ್ಯುತ್ತಮ ವೈದ್ಯರು, ಹಂಟರ್ ಕಣಿವೆಯ ಹಸಿರು ಮೈದಾನ, ಬೇಕಾದಷ್ಟು ಹಣ ಎಲ್ಲವೂ ಇದ್ದು ಹೀಗಾಯಿತು. ಎರಡು ವರ್ಷ ಕಳೆದು, ೨೦೨೨ರ ಅಕ್ಟೋಬರಿನಲ್ಲಿ, ಪಿಯೆರೊ ಎಂಬ ಗಂಡಿನಿಂದ ಅವಳಿಗೊಂದು ಹೆಣ್ಣುಮರಿಯಾಯಿತು. ೨೦೨೪ರ ಏಪ್ರಿಲಿನಲ್ಲಿ ಸಿಡ್ನಿಯ ಹರಾಜಿನಲ್ಲಿ ಆ ಮರಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರು ಬಂತು. ಕೊಂಡವರು ಬೇರಾರೂ ಅಲ್ಲ, ವಿಂಕ್ಸಳ ಪಾಲುದಾರರಲ್ಲಿ ಒಬ್ಬರಾದ ಡೆಬ್ಬಿ ಕೆಪಿಟಿಸ್ ಎಂಬ ಮಹಿಳೆ. ಮನೆಯ ಮಗಳು ಮನೆಯಲ್ಲೇ ಉಳಿದಳು.

ಕೋಟಿಯ ಮಾತು ವಿಂಕ್ಸಳ ಮಟ್ಟಿಗೆ. ಬೆಂಗಳೂರು, ಮೈಸೂರಿನ ಬಯಲುಗಳಲ್ಲಿ ಓಡಿ, ಒಂದೋ ಎರಡೋ ಗೆದ್ದು, ಹೆಸರಿಲ್ಲದೆ ಹಿಂದೆ ಸರಿಯುವ ಹೆಣ್ಣುಕುದುರೆಯ ಪಾಡು ಬೇರೆ. ಕುಲವೂ ಸಾಧಾರಣ, ಗೆಲವೂ ಸಾಧಾರಣವಾದಾಗ, ಅದರಲ್ಲೂ ಕಾಲಿನ ಊನ ವಂಶದಿಂದ ಬಂದದ್ದೆಂಬ ಅನುಮಾನವಿದ್ದಾಗ, ಅವಳಿಂದ ಮರಿ ಪಡೆಯುವುದೆಂದರೆ ನೆಲೆಯಿಲ್ಲದ ಇನ್ನೊಂದು ಜೀವವನ್ನು ಲಾಯಕ್ಕೆ ಸೇರಿಸಿದಂತೆ. ಅಂಥವಳಿಗೆ ಸವಾರಿಯ ಶಾಲೆಯೋ, ನಿಧಾನ ಸವಾರಿಯನ್ನು ಬಯಸುವ ಒಬ್ಬ ಒಳ್ಳೆಯ ಧಣಿಯೋ ಲೇಸು. ಅದಕ್ಕೆ ಅವಳು ಕಾಲು ಸರಿಯಿರುವಾಗಲೇ ನಿಲ್ಲಬೇಕು. ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದರೆ ಕೂಡಲು ವರ್ಷದ ಹತ್ತಿರ ಹಿಡಿಯುತ್ತದೆ. ಕೂಡಿದರೂ ಹಿಂದಿನ ಕಸುವು ಬಾರದು. “ಇನ್ನೊಂದೇ ಓಟ” ಎಂಬ ಆಸೆ ಹಾಳುಮಾಡಿದ ಕಾಲುಗಳಿಗೆ ಲೆಕ್ಕವಿಲ್ಲ.

ನಿಲ್ಲಿಸಿದ ಮೇಲೂ ಒಮ್ಮೆಲೇ ಬಯಲಿಗೆ ಬಿಡುವಂತಿಲ್ಲ. ಓಟದ ಕುದುರೆ ದಿನದ ಇಪ್ಪತ್ತಕ್ಕೂ ಹೆಚ್ಚು ಗಂಟೆಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆದವಳು. ಓಟ್ಸಿನಂಥ ಕಾವಿನ ಆಹಾರ ತಿಂದವಳು. ಕುದುರೆಯ ಜಠರದಲ್ಲಿ ಆಮ್ಲ ಹಗಲಿರುಳೂ ಒಸರುತ್ತಲೇ ಇರುತ್ತದೆ. ಸದಾ ಮೇಯುವ ಪ್ರಾಣಿಗೆ ಹೊತ್ತು ಹೊತ್ತಿಗೆ ಮಾತ್ರ ಕಾಳು ತಿನ್ನಿಸಿದರೆ ಹುಣ್ಣಾಗುತ್ತದೆ. ಓಟದ ಕುದುರೆಗಳಲ್ಲಿ ಇದು ಬಲು ಸಾಮಾನ್ಯ. ಆದ್ದರಿಂದ ಕಾಳನ್ನು ವಾರ ವಾರಕ್ಕೆ ಇಳಿಸಿ ಒಣಹುಲ್ಲನ್ನು ಏರಿಸಬೇಕು. ಹಸಿ ಹುಲ್ಲಿಗೂ ಮೊದಲ ದಿನ ಕೆಲವೇ ನಿಮಿಷ. ಅವಸರಪಟ್ಟರೆ ಹೊಟ್ಟೆಶೂಲೆ, ಪ್ರಾಣಕ್ಕೇ ಕುತ್ತು. ಲಾಳ ತೆಗೆದಾಗ ತೆಳುಗೊರಸಿನ ಕಾಲು ಕಲ್ಲುನೆಲಕ್ಕೆ ನೋಯುತ್ತದೆ. ಒಂಟಿಯಾಗಿ ಬಿಟ್ಟರೆ ಬೇಲಿಯುದ್ದಕ್ಕೂ ಓಡಿ ಮೈಗೆ ಗಾಯಮಾಡಿಕೊಳ್ಳುತ್ತಾಳೆ. ಜೊತೆಗೊಂದು ಶಾಂತವಾದ ಮುದಿ ಕುದುರೆಯಿದ್ದರೆ ಅರ್ಧ ಕೆಲಸ ಆಯಿತು.

ಅನಂತರ ಹೊಸ ವಿದ್ಯೆ. ಜಾಕಿಯನ್ನು ಬೇರೊಬ್ಬರು ಎತ್ತಿ ಬೆನ್ನಿಗೇರಿಸುವಾಗ ಅವಳು ನಡೆಯುತ್ತಲೇ ಇರುತ್ತಾಳೆ. ಸವಾರ ಏರುವಾಗ ಸುಮ್ಮನೆ ನಿಲ್ಲಬೇಕೆಂದು ಯಾರೂ ಕಲಿಸಿಲ್ಲ. ಗಿಡ್ಡ ರಿಕಾಬಿನಲ್ಲಿ ಮುದುರಿ ಕೂರುವ ಜಾಕಿಯ ಕಾಲು ಅವಳ ಪಕ್ಕೆಗೆ ತಾಕುವುದೇ ಅಪರೂಪ. ಹೊಸ ಸವಾರನ ನೀಳಗಾಲು ತಗುಲಿದರೆ ಬೆಚ್ಚುತ್ತಾಳೆ. ಎಲ್ಲಕ್ಕಿಂತ ಅಪಾಯದ್ದು ಲಗಾಮು. ಕಡಿವಾಣಕ್ಕೆ ಒರಗಿ ಓಡಲು ಕಲಿತವಳಿಗೆ ಲಗಾಮು ಬಿಗಿದಷ್ಟೂ ಓಡೆಂದೇ ಅರ್ಥ. ಹೆದರಿದ ಸವಾರ ಇನ್ನೂ ಎಳೆಯುತ್ತಾನೆ, ಅವಳು ಇನ್ನೂ ಧಾವಿಸುತ್ತಾಳೆ. ಕಡೆಗೆ ಪುಂಡು ಕುದುರೆಯೆಂಬ ಅಪವಾದ ಅವಳ ಪಾಲಿಗೆ. ಈ ಪಾಠಗಳಿಗೆ ತಿಂಗಳುಗಳೇ ಬೇಕು, ತಿಳಿದವರ ಕೈ ಬೇಕು.

ಕೊಡುವ ಧಣಿ ಬಿಟ್ಟಿ ಕೊಟ್ಟೆನೆಂದು ಕೈ ತೊಳೆದುಕೊಳ್ಳಬಾರದು. ಸಾಕಲಾಗದಿದ್ದರೆ ತನಗೇ ಹಿಂತಿರುಗಿಸಬೇಕು, ತನ್ನನ್ನು ಕೇಳದೆ ಮಾರಕೂಡದು ಎಂದು ಕಾಗದದಲ್ಲಿ ಬರೆಸಿಕೊಳ್ಳಬೇಕು. ಹಳೆಯ ಪೆಟ್ಟುಗಳ ವಿವರವನ್ನು ವೈದ್ಯರಿಂದ ಬರೆಸಿ ಜೊತೆಗೆ ಕಳುಹಿಸಬೇಕು. ಮತ್ತೊಂದು ಕಾಗದವನ್ನು ಸಾಯಿಸನಿಂದ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಯಾವ ಮಗ್ಗುಲಿನಿಂದ ಹೋದರೆ ಬೆದರುತ್ತಾಳೆ, ಕಿವಿ ಮುಟ್ಟಿದರೆ ಸಹಿಸುವಳೇ, ನೀರು ಕುಡಿಯದ ದಿನ ಏನು ಮಾಡಬೇಕು, ಪಕ್ಕದ ಗೂಡಿನಲ್ಲಿ ಯಾವ ಕುದುರೆ ಇದ್ದರೆ ನೆಮ್ಮದಿಯಾಗಿ ಮಲಗುತ್ತಾಳೆ — ಇವೆಲ್ಲ ಧಣಿಗೂ ಗೊತ್ತಿಲ್ಲ, ವೈದ್ಯನಿಗೂ ಗೊತ್ತಿಲ್ಲ. ನಾಲ್ಕು ವರ್ಷ ಅವಳ ಬಾಗಿಲಲ್ಲೇ ಇದ್ದ ಅವನಿಗೆ ಗೊತ್ತು.