ಕುರ್ಚಿಯ ಅಸಲು

ಕನ್ನಡ ಪಾಠ ಹೇಳಿಯೇ ಆಯುಷ್ಯವನ್ನು ಕಳೆದ ಒಬ್ಬ ಮೇಷ್ಟ್ರು ಮರಗೆಲಸದ ಲೆಕ್ಕಾಚಾರವನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಸೋಜಿಗವಾದೀತು. ನನಗೆ ಇದರಲ್ಲಿ ಇರುವ ಅಧಿಕಾರ ಎರಡು ಬಗೆಯದು. ಒಂದು, ಮಾತಿನ ಮೇಲಿನ ಅಕ್ಕರೆಯಿಂದ ಬಂದದ್ದು. ಇನ್ನೊಂದು, ನಾನೇ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಮಾತನ್ನು ಮೊದಲು ಹೇಳಿ, ತಪ್ಪನ್ನು ಆಮೇಲೆ ಒಪ್ಪಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಚೌಕಾಸಿ ನಡೆಯುವಾಗ ನಾವೆಲ್ಲ ಕೇಳುವ ಮಾತೊಂದುಂಟು: "ಅಸಲೇ ಗಿಟ್ಟೋದಿಲ್ಲ ಸ್ವಾಮಿ." ಈ 'ಅಸಲು' ಎಂಬುದು ಅರಬ್ಬಿಯಿಂದ ಹೊರಟು ಪಾರಸಿಯ ದಾರಿಯಾಗಿ ನಮ್ಮಲ್ಲಿಗೆ ಬಂದ ಶಬ್ದ. ಅದರ ಹುಟ್ಟರ್ಥ ಬೇರು, ಮೂಲ ಎಂದು. ಎಂಥ ಒಳ್ಳೆಯ ಅರ್ಥ ನೋಡಿ! ಬೆಲೆ ಎಂಬುದು ಮರದ ಮೇಲೆ ಎಲ್ಲರಿಗೂ ಕಾಣುವ ಕೊಂಬೆ. ಅಸಲು ಎಂಬುದು ನೆಲದೊಳಗೆ ಅಡಗಿರುವ ಬೇರು. ಕೊಂಬೆಯನ್ನು ಯಾರು ಬೇಕಾದರೂ ಹಿಡಿದು ಜಗ್ಗಬಹುದು. ಬೇರನ್ನು ಕಾಣಬೇಕಾದರೆ ಅಗೆಯಬೇಕು. ಹಾಗೆ ಅಗೆಯುವ ವಿದ್ಯೆಗೆ ಇಂದಿನವರು ವೆಚ್ಚ ಲೆಕ್ಕಶಾಸ್ತ್ರವೆಂದು ಹೆಸರಿಟ್ಟಿದ್ದಾರೆ. ನಮ್ಮ ದೇಶದಲ್ಲಿ ಈ ಶಾಸ್ತ್ರವನ್ನು ಕಲಿಸುವ ಸಂಸ್ಥೆ 1944ರಲ್ಲಿ ಹುಟ್ಟಿತು. 1959ರಲ್ಲಿ ಪಾರ್ಲಿಮೆಂಟು ಅದಕ್ಕೆಂದೇ ಒಂದು ಕಾಯಿದೆ ಮಾಡಿತು. ಆದರೆ ಈ ವಿದ್ಯೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಬೇಕಾದದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ಅದು ನಿಜವಲ್ಲ ಎಂಬುದೇ ನನ್ನ ಈ ಹೊತ್ತಿನ ಮಾತು.

ಇನ್ನು ತಪ್ಪಿನ ವಿಷಯ. ನಿವೃತ್ತನಾದ ಮೇಲೆ ಪುಸ್ತಕಗಳನ್ನು ಜೋಡಿಸಿಡಲು ನನಗೊಂದು ಕಪಾಟು ಬೇಕಾಯಿತು. ಮುದ್ದೇನಹಳ್ಳಿಯ ಕಡೆಯಲ್ಲಿ, ನಂದಿ ಬೆಟ್ಟ ಎದುರಿಗೆ ಕಾಣುವಂಥ ಜಾಗದಲ್ಲಿ, ತಗಡಿನ ಮಾಡಿನ ಕೆಳಗೆ ಕೆಲಸ ಮಾಡುತ್ತಿದ್ದ ಆಚಾರ್ರೊಬ್ಬರಿದ್ದರು. ಅವರೂ ಅವರ ಮಗನೂ ಸೇರಿ ದುಡಿಯುತ್ತಿದ್ದರು. ಅವರು ಹೇಳಿದ ಬೆಲೆಯಲ್ಲಿ ನಾನು ಸಾವಿರದೈನೂರು ರೂಪಾಯಿ ಇಳಿಸಿದೆ. "ಹೋಗ್ಲಿ ಬಿಡಿ ಮೇಷ್ಟ್ರೇ, ನಿಮ್ಮ ಹತ್ರ ಏನು ವ್ಯಾಪಾರ" ಎಂದು ಅವರು ಒಪ್ಪಿಕೊಂಡರು. ಮನೆಗೆ ಬಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಎರಡು ವರ್ಷದ ಮೇಲೆ ಆ ದಾರಿಯಲ್ಲಿ ಹೋದಾಗ ತಗಡಿನ ಮಾಡು ಮಾತ್ರ ಇತ್ತು. ಗರಗಸದ ಸದ್ದು ಇರಲಿಲ್ಲ. ಮಗ ಬೆಂಗಳೂರಿನಲ್ಲಿ ಯಾರದೋ ಕಾರ್ಖಾನೆಗೆ ಸಂಬಳಕ್ಕೆ ಸೇರಿದ್ದ. ಆಚಾರ್ರು ಮನೆಯ ಜಗುಲಿಯ ಮೇಲೆ ಕುಳಿತಿದ್ದರು. "ಕೆಲಸಕ್ಕೆ ಯಾವತ್ತೂ ಬರ ಬರಲಿಲ್ಲ ಮೇಷ್ಟ್ರೇ. ದುಡ್ಡು ಮಾತ್ರ ಎಲ್ಲೋ ಸೋರಿಹೋಯ್ತು" ಎಂದರು. ಕೈತುಂಬ ಕೆಲಸವಿದ್ದ, ಕೈಯಲ್ಲಿ ಕಸುಬಿದ್ದ, ಯಾವ ದುರಭ್ಯಾಸವೂ ಇಲ್ಲದಿದ್ದ ಮನುಷ್ಯ ಬರಿಗೈಯಾದದ್ದು ಹೇಗೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅನಂತರ ಹಲವು ಸಂಜೆ ಅವರೊಡನೆ ಕುಳಿತು, ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಲೆಕ್ಕ ಬರೆದು ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ಒಂದು ಕುರ್ಚಿಯನ್ನು ತೆಗೆದುಕೊಳ್ಳಿ. ಸಿದ್ಧವಾದ ಕುರ್ಚಿಯಲ್ಲಿ ಮುಕ್ಕಾಲು ಘನ ಅಡಿ ಮರವಿದೆ. ಮರದ ದರ ಘನ ಅಡಿಗೆ 2,000 ರೂಪಾಯಿ. ಹಾಗಾದರೆ ಮರಕ್ಕೆ 1,500. ಎರಡು ಆಳಿನ ಕೂಲಿ, ದಿನಕ್ಕೆ 800ರಂತೆ, 1,600. ಒಟ್ಟು 3,100. ಮಾರುವ ಬೆಲೆ 4,000. ಲಾಭ 900 ರೂಪಾಯಿ! ಆಚಾರ್ರ ಮನಸ್ಸಿನಲ್ಲಿದ್ದ ಲೆಕ್ಕ ಇದು. ಕೇಳಿದರೆ ಯಾರಿಗಾದರೂ ಸರಿಯೆಂದೇ ತೋರುತ್ತದೆ.

ಇದರಲ್ಲಿ ಮೊದಲನೆಯ ಸೋರಿಕೆ ಗರಗಸದ ಬಾಯಲ್ಲಿದೆ. ಕುರ್ಚಿಯಲ್ಲಿ ಇರುವ ಮರ ಮುಕ್ಕಾಲು ಅಡಿಯಾದರೂ ಕೊಂಡ ಮರ ಒಂದು ಅಡಿ. ಉಳಿದ ಕಾಲು ಅಡಿ ಹೊಟ್ಟಾಗಿ ಉದುರಿತು, ಕೀಸುಳಿಗೆ ಸುರುಳಿಯಾಗಿ ಹೋಯಿತು, ಗಂಟು ಬಿದ್ದ ತುಂಡಾಗಿ ಒಲೆಗೆ ಸೇರಿತು. ದುಡ್ಡು ಕೊಟ್ಟದ್ದು ಇಡೀ ಅಡಿಗೆ. ಆದ್ದರಿಂದ ಮರಕ್ಕೆ 1,500 ಅಲ್ಲ, 2,000. ಎರಡನೆಯದು ಚಿಲ್ಲರೆಯೆಂದು ಬಿಟ್ಟದ್ದು: ಅಂಟು, ತಿರುಪು ಮೊಳೆ, ಉಪ್ಪುಕಾಗದ, ಪಾಲಿಶ್. ಇವು ಸೇರಿ ಕುರ್ಚಿಗೆ 300. ಈಗ ಮರ, ಕೂಲಿ, ಚಿಲ್ಲರೆ ಸಾಮಾನು ಕೂಡಿದರೆ 3,900. ಒಂಬೈನೂರರ ಲಾಭ ನೂರಕ್ಕೆ ಇಳಿಯಿತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಾಡಿನ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಯಂತ್ರದ ಸವಕಳಿ, ಅಲಗು ಮಸೆಯುವ ಖರ್ಚು, ಗಿರಾಕಿಯ ಮನೆಗೆ ಹೋಗಿಬರುವ ಓಡಾಟ, ಇವೆಲ್ಲ ಸೇರಿ ತಿಂಗಳಿಗೆ 9,000 ಎನ್ನೋಣ. ಕುರ್ಚಿ ಮಾಡಲಿ, ಬಿಡಲಿ, ಇದರ ಬಹುಪಾಲು ತೆರಲೇಬೇಕು. ತಂದೆ ಮಗ ಇಬ್ಬರೂ ಇಪ್ಪತ್ತೈದು ದಿನ ಪೂರ್ತಿ ದುಡಿದರೆ ಐವತ್ತು ಆಳಿನ ಕೆಲಸ. ಅಂದರೆ 25 ಕುರ್ಚಿ. ಆಗ ಒಂದೊಂದು ಕುರ್ಚಿಯ ತಲೆಯ ಮೇಲೆ 360 ರೂಪಾಯಿ ಕೂರುತ್ತದೆ. 15 ಕುರ್ಚಿಯಾದರೆ 600. ಹತ್ತೇ ಆದರೆ 900. ಕುರ್ಚಿ ಅದೇ, ಮರ ಅದೇ, ಮಾಡಿದ ಕೈಯೂ ಅದೇ. ಆದರೆ ಅಸಲು ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆ! 4,260, 4,500, 4,800. ಇವುಗಳಲ್ಲಿ ಒಂದೂ ನಾಲ್ಕು ಸಾವಿರದ ಒಳಗಿಲ್ಲ.

ಇದು ನಮ್ಮ ಆಚಾರ್ರೊಬ್ಬರ ಕಣ್ಣಿಗೆ ಮಾತ್ರ ಬೀಳದ ವಿಷಯವೆಂದು ತಿಳಿಯಬೇಡಿ. ಇಂಗ್ಲೆಂಡಿನ ಪ್ರಸಿದ್ಧ ಕುಂಬಾರ ಜೊಸಾಯಾ ವೆಡ್ಜ್‌ವುಡ್ ರಾಜಮನೆತನಗಳಿಗೆ ಪಿಂಗಾಣಿ ಮಾರುತ್ತಿದ್ದವನು. ಅವನೂ 1772ರ ವ್ಯಾಪಾರದ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಮೇಲೆಯೇ ಕುಳಿತು ಅಸಲನ್ನು ಬಗೆದು ನೋಡಿದ್ದು. ಸಾಮಾನು ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ತಮ್ಮ ಪಾಡಿಗೆ ತಾವು ನಡೆಯುವ ಖರ್ಚುಗಳುಂಟೆಂದು ಅವನಿಗೆ ಆಗ ಹೊಳೆಯಿತು. ಇಂದಿನ ಶಾಸ್ತ್ರ ಇವನ್ನು ಸ್ಥಿರ ವೆಚ್ಚಗಳೆನ್ನುತ್ತದೆ. ಮರ, ಪಾಲಿಶಿನಂತೆ ಕೆಲಸದೊಡನೆ ಏರಿಳಿಯುವುದನ್ನು ಚರ ವೆಚ್ಚವೆನ್ನುತ್ತದೆ.

ಈ ಎರಡನ್ನು ಬಿಡಿಸಿ ನೋಡಿದರೆ ಒಂದು ದೊಡ್ಡ ಉಪಯೋಗವುಂಟು. ಬೆಲೆ 4,000 ಇದ್ದಾಗ ಚರ ವೆಚ್ಚ ಕಳೆದು ಪ್ರತಿ ಕುರ್ಚಿಯಲ್ಲಿ ಉಳಿಯುವುದು 100. ತಿಂಗಳ 9,000 ತುಂಬಬೇಕಾದರೆ 90 ಕುರ್ಚಿ ಮಾರಬೇಕು. ಇಬ್ಬರು ಮಾಡಬಲ್ಲದ್ದು 25! ಎಷ್ಟು ದುಡಿದರೂ ದಡ ಸೇರುವ ದಾರಿಯೇ ಇರಲಿಲ್ಲ. ಬೆಲೆಯನ್ನು 4,500ಕ್ಕೆ ಏರಿಸಿದ್ದರೆ ಉಳಿಯುವುದು 600. ಆಗ 15 ಕುರ್ಚಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಲ್ಲಿಂದಾಚೆಯ ಒಂದೊಂದು ಕುರ್ಚಿಯೂ ಲಾಭ. 25 ಆದರೆ ತಿಂಗಳಿಗೆ 6,000 ಮಿಗುತ್ತದೆ. ಬೆಲೆಯಲ್ಲಿ ಐನೂರರ ವ್ಯತ್ಯಾಸ, ಬದುಕಿನಲ್ಲಿ ಎಷ್ಟರ ವ್ಯತ್ಯಾಸ! ನಾನು ಕಪಾಟಿನಲ್ಲಿ ಇಳಿಸಿದ ಸಾವಿರದೈನೂರು ಎಲ್ಲಿಂದ ಬಂತು ಎಂಬುದು ನನಗೆ ಅರ್ಥವಾದದ್ದು ಆ ಸಂಜೆ.

ನಷ್ಟವಿದ್ದರೆ ಅದು ಒಡನೆ ಕಾಣಬೇಡವೆ ಎಂದು ನೀವು ಕೇಳಬಹುದು. ಕಾಣದಿರಲು ಎರಡು ಕಾರಣಗಳಿದ್ದವು. ಒಂದು, ತಂದೆ ಮಗನ ಕೂಲಿ ಲೆಕ್ಕದಲ್ಲಿತ್ತೇ ಹೊರತು ಕೈಗೆ ಬರುತ್ತಿರಲಿಲ್ಲ. ಮನೆಗೆ ಬೇಕಾದಾಗ ಗಲ್ಲಾಪೆಟ್ಟಿಗೆಯಿಂದ ತೆಗೆಯುವುದು, ಇಲ್ಲದಾಗ ಸುಮ್ಮನಿರುವುದು. ತಮ್ಮ ಕೂಲಿಯನ್ನು ತಾವೇ ಕಡಿದುಕೊಂಡು ಅಂಗಡಿಗೆ ಉಣಿಸುತ್ತಿದ್ದರು. ಇನ್ನೊಂದು, ಮುಂಗಡ. ಇವತ್ತು ಬಂದ ಗಿರಾಕಿಯ ಮುಂಗಡದಿಂದ ನಿನ್ನೆಯ ಗಿರಾಕಿಯ ಕೆಲಸಕ್ಕೆ ಮರ ಕೊಳ್ಳುವುದು. ಹೊಸ ಕೆಲಸ ಬರುತ್ತಿರುವಷ್ಟು ಕಾಲ ಈ ಬಂಡಿ ಉರುಳುತ್ತದೆ. ಒಂದು ಮಳೆಗಾಲ ಕೆಲಸ ನಿಂತಿತೋ, ಅಷ್ಟು ದಿನದ ನಷ್ಟವೂ ಒಟ್ಟಿಗೆ ಬಂದು ಬಾಗಿಲಲ್ಲಿ ಕುಳಿತುಕೊಳ್ಳುತ್ತದೆ.

ಮುದ್ದೇನಹಳ್ಳಿಯಲ್ಲಿ ಕುಳಿತು ಈ ಮಾತನ್ನು ಬರೆಯುವಾಗ ಒಂದು ಮೋಂಬತ್ತಿ ನೆನಪಾಗದೆ ಇರದು. ಸರ್ ಎಂ. ವಿಶ್ವೇಶ್ವರಯ್ಯನವರು ಸರ್ಕಾರದ ಕೆಲಸಕ್ಕೆ ಸರ್ಕಾರದ ಮೋಂಬತ್ತಿಯನ್ನೂ ಸ್ವಂತ ಕೆಲಸಕ್ಕೆ ತಮ್ಮದೇ ಮೋಂಬತ್ತಿಯನ್ನೂ ಹೊತ್ತಿಸುತ್ತಿದ್ದರೆಂಬುದು ನಮ್ಮ ಜನ ಹೇಳಿಕೊಂಡು ಬಂದಿರುವ ಕಥೆ. ಪ್ರಾಮಾಣಿಕತೆಯ ಪಾಠವೆಂದು ಅದನ್ನು ಮಕ್ಕಳಿಗೆ ಹೇಳುತ್ತೇವೆ. ಲೆಕ್ಕದ ಮೊದಲ ಪಾಠವೂ ಅದೇ ಅಲ್ಲವೆ? ಮನೆಯ ದೀಪದ ಎಣ್ಣೆ ಬೇರೆ, ಅಂಗಡಿಯ ದೀಪದ ಎಣ್ಣೆ ಬೇರೆ. ಎರಡನ್ನೂ ಒಂದೇ ಕುಡಿಕೆಯಲ್ಲಿ ಸುರಿದರೆ ಯಾವುದು ಎಷ್ಟು ಉರಿಯಿತೆಂಬುದು ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಕಗ್ಗಂಟು ಉಂಟು. ಒಂದು ತಿಂಗಳು ಹತ್ತು ಕುರ್ಚಿಯ ಜೊತೆಗೆ ಕೆತ್ತನೆಯ ಹೆಬ್ಬಾಗಿಲೊಂದರ ಕೆಲಸ ಬಂದಿತೆನ್ನೋಣ. ಕುರ್ಚಿಗಳಿಗೆ ಇಪ್ಪತ್ತು ಆಳು, ಬಾಗಿಲಿಗೆ ಮೂವತ್ತು ಆಳು. ತಿಂಗಳ 9,000ವನ್ನು ಹಂಚುವುದು ಹೇಗೆ? ಒಟ್ಟು ಹನ್ನೊಂದು ಸಾಮಾನು, ಒಂದೊಂದಕ್ಕೆ ಸುಮಾರು 818 ಎಂದು ಹಂಚಿದರೆ ಲೆಕ್ಕ ಮುಗಿಯುತ್ತದೆ, ನ್ಯಾಯ ಸಿಕ್ಕುವುದಿಲ್ಲ. ಆಳಿನ ಮೇಲೆ ಹಂಚಿ ನೋಡಿ: ದಿನದ ಆಳಿಗೆ 180, ಕುರ್ಚಿಗೆ 360, ಬಾಗಿಲಿಗೆ 5,400. ಮೊದಲ ರೀತಿಯಲ್ಲಿ ಹಂಚಿದವನು ಬಾಗಿಲನ್ನು ನಾಲ್ಕೂವರೆ ಸಾವಿರದಷ್ಟು ಅಗ್ಗವೆಂದು ಭ್ರಮಿಸುತ್ತಾನೆ, ಕುರ್ಚಿಯನ್ನು ದುಬಾರಿ ಮಾಡುತ್ತಾನೆ. ಕುರ್ಚಿಯ ಗಿರಾಕಿ ಬೇರೆಡೆಗೆ ಹೋಗುತ್ತಾನೆ. ಬಾಗಿಲಿನವರು ಹುಡುಕಿಕೊಂಡು ಬರುತ್ತಾರೆ. ಹೆಸರು ಬೆಳೆಯುತ್ತದೆ, ಗಂಟು ಕರಗುತ್ತದೆ. ನಮ್ಮ ಆಚಾರ್ರ ಕೆತ್ತನೆಯ ಬಾಗಿಲುಗಳು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಈಗಲೂ ನಿಂತಿವೆ.

ಮರದ ಒಳಗೂ ಇಂಥದೇ ತೊಡಕಿದೆ. ಒಂದು ದಿಮ್ಮಿಯನ್ನು ಕೊಯ್ಯಿಸಿದರೆ ಗಟ್ಟಿಯಾದ ಚೇಗು, ಅದರ ಸುತ್ತಿನ ಬಿಳಿಯ ಭಾಗ, ಹೊರಗಿನ ಸಿಪ್ಪೆಹಲಗೆ ಎಲ್ಲ ಒಟ್ಟಿಗೆ ಬರುತ್ತವೆ. ದುಡ್ಡು ಕೊಟ್ಟದ್ದು ಇಡೀ ದಿಮ್ಮಿಗೆ. ಚೇಗಿಗೂ ಸಿಪ್ಪೆಗೂ ಒಂದೇ ದರ ಕಟ್ಟಿದರೆ ತಪ್ಪು. ಅವು ತರುವ ಬೆಲೆಗೆ ತಕ್ಕಂತೆ ಹಂಚುವುದು ಒಂದು ಒಪ್ಪುವ ಮಾರ್ಗ. ಇದೇ ಪ್ರಶ್ನೆ ನಮ್ಮ ನಾಡಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಭದ್ರಾವತಿಯಲ್ಲಿ. 1923ರಲ್ಲಿ ಕೆಲಸ ತೊಡಗಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಕಲ್ಲಿದ್ದಲಿನ ಆಸರೆ ಇರಲಿಲ್ಲ. ಕಾಡಿನ ಮರವನ್ನು ಇದ್ದಿಲು ಮಾಡಿ ಅದಿರನ್ನು ಕರಗಿಸಬೇಕಾಗಿತ್ತು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದಾಗ ಏಳುವ ಹೊಗೆಯನ್ನು ಹಿಡಿದು ಮರದ ಮದ್ಯಸಾರ, ಟಾರು ಮುಂತಾದವನ್ನು ತೆಗೆಯುವ ಏರ್ಪಾಡೂ ಅಲ್ಲಿತ್ತು. ಹೊಗೆಯನ್ನು ಗಾಳಿಗೆ ಬಿಟ್ಟರೆ ಮರದ ಬೆಲೆಯೆಲ್ಲ ಇದ್ದಿಲಿನ ಮೇಲೆ, ಇದ್ದಿಲಿನ ಬೆಲೆಯೆಲ್ಲ ಕಬ್ಬಿಣದ ಮೇಲೆ ಬೀಳುತ್ತದೆ. ಹೊಗೆಯನ್ನೂ ಮಾರಿದರೆ ಕಬ್ಬಿಣದ ಅಸಲು ಅಷ್ಟರಮಟ್ಟಿಗೆ ಹಗುರಾಗುತ್ತದೆ. ಕಬ್ಬಿಣದ ಬೆಲೆ ಕುಸಿದಿದ್ದ ಆ ಕಾಲದಲ್ಲಿ ಕಾರ್ಖಾನೆಯ ಆಡಳಿತದ ಹೊಣೆ ಹೊತ್ತು ಖರ್ಚನ್ನು ಹತೋಟಿಗೆ ತರಲು ಹೆಣಗಿದವರೂ ಇದೇ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ.

ಮರ ಒಣಗಬೇಕು ಎಂಬುದನ್ನೂ ಮರೆಯಬಾರದು. ಹಸಿಮರದಲ್ಲಿ ಮಾಡಿದ ಬಾಗಿಲು ಬೇಸಗೆಯಲ್ಲಿ ಬಿರಿಯುತ್ತದೆ, ಸೊಟ್ಟಗಾಗುತ್ತದೆ. ಒಂದು ಲಕ್ಷದ ಮರ ಕೊಂಡು ಆರು ತಿಂಗಳು ನೆರಳಿನಲ್ಲಿ ಒಣಗಿಸಿದರೆ, ನೂರಕ್ಕೆ ಹನ್ನೆರಡರ ಬಡ್ಡಿಯಂತೆ 6,000 ರೂಪಾಯಿ ಸದ್ದಿಲ್ಲದೆ ಖರ್ಚಾಗಿರುತ್ತದೆ. ಸಾಲ ತಂದಿದ್ದರೆ ಅದು ಕಣ್ಣಿಗೆ ಕಾಣುತ್ತದೆ; ಸ್ವಂತ ಹಣವಾದರೆ ಕಾಣುವುದಿಲ್ಲ. ಕಾಣದ ಮಾತ್ರಕ್ಕೆ ಅದು ಇಲ್ಲವೆಂದಲ್ಲ.

ಹಾಗಾದರೆ ಅಸಲಿಗಿಂತ ಕಡಿಮೆಗೆ ಎಂದೂ ಮಾರಬಾರದೆ? ಹಾಗೂ ಹೇಳಲಾಗದು. ಕೆಲಸ ಕಡಿಮೆಯಿರುವ ತಿಂಗಳಲ್ಲಿ ಯಾರೋ ಬಂದು, 4,200ರಂತೆ ಹತ್ತು ಕುರ್ಚಿ ಬೇಕೆನ್ನುತ್ತಾರೆ. ಹತ್ತೇ ಕುರ್ಚಿಯಾದರೆ ಪೂರ್ತಿ ಅಸಲು 4,800 ಎಂದು ಕಂಡೆವಷ್ಟೆ. ಆದರೂ ಒಪ್ಪುವುದು ಜಾಣತನವಾಗಬಹುದು. ಚರ ವೆಚ್ಚ 3,900 ಕಳೆದು ಕುರ್ಚಿಗೆ 300ರಂತೆ ಮೂರು ಸಾವಿರ ಉಳಿಯುತ್ತದೆ. ಹೇಗೂ ಕೊಡಬೇಕಾದ ಬಾಡಿಗೆಗೆ ಅಷ್ಟಾದರೂ ಒದಗಿತು. ಆದರೆ ಅದೇ ಆಳಿಗೆ ಬೇರೆಡೆ ಹೆಚ್ಚು ಸಂಪಾದನೆ ಸಿಕ್ಕುವಂತಿದ್ದರೆ ಒಪ್ಪಬಾರದು. ಆಪತ್ತಿನ ಬೆಲೆ ಎಂದಿನ ಬೆಲೆಯಾಗಲೂ ಬಾರದು. ಉಪವಾಸದ ದಿನ ಗಂಜಿ ಕುಡಿದು ಬದುಕಬಹುದು. ವರ್ಷವೆಲ್ಲ ಗಂಜಿಯಲ್ಲೇ ಮರ ಕೊಯ್ಯಲಾಗುವುದಿಲ್ಲ.

ಇಷ್ಟಕ್ಕೆಲ್ಲ ದೊಡ್ಡ ವಿದ್ಯೆ ಬೇಡ. ಒಂದು ನೋಟುಪುಸ್ತಕ ಸಾಕು. ಪ್ರತಿ ಕೆಲಸಕ್ಕೂ ಒಂದು ಪುಟ: ಕೊಂಡ ಮರ ಎಷ್ಟು, ಹಿಡಿದ ಆಳು ಎಷ್ಟು, ಅಂಟು ಪಾಲಿಶ್ ಎಷ್ಟು. ಕೊನೆಯ ಪುಟದಲ್ಲಿ ತಿಂಗಳ ಬಾಡಿಗೆ, ವಿದ್ಯುತ್ತು, ಸವಕಳಿ. ಮನೆಯ ಖರ್ಚಿಗೆ ಬೇರೆಯೇ ಪುಸ್ತಕ. ತನಗೆ ತಾನೇ ಕೂಲಿ ಕೊಟ್ಟುಕೊಳ್ಳುವ ಸಂಕೋಚವನ್ನು ಬಿಡಬೇಕು. ಕಸುಬುದಾರನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಕೊಳ್ಳುವ ನಮಗೂ ಒಂದು ಮಾತುಂಟು. ಚೌಕಾಸಿ ಮಾಡಬೇಡಿ ಎಂದು ನಾನು ಹೇಳಲಾರೆ. ಸಂತೆಯಲ್ಲಿ ಅದೂ ಒಂದು ಸೊಗಸು. ಆದರೆ ನಾವು ಇಳಿಸುವುದು ಲಾಭವನ್ನೋ, ಎದುರಿಗಿರುವವನ ಊಟವನ್ನೋ ಎಂದು ಒಮ್ಮೆ ಯೋಚಿಸಬಹುದು.

ಆ ಕಪಾಟು ನಮ್ಮ ಮನೆಯಲ್ಲಿದೆ. ಇಷ್ಟು ವರ್ಷವಾದರೂ ಒಂದು ಹಲಗೆಯೂ ಬಾಗಿಲ್ಲ. ಲೆಕ್ಕ ಮುಗಿದ ಕೊನೆಯ ಸಂಜೆ ನಾನು ಆ ಸಾವಿರದೈನೂರನ್ನು ಲಕೋಟೆಯಲ್ಲಿಟ್ಟು ಆಚಾರ್ರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. "ಒಪ್ಪಿದ ಬೆಲೆ ಒಪ್ಪಿದ್ದೇ ಮೇಷ್ಟ್ರೇ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕ್ಯಾಲೆಂಡರ್ ಹಾಳೆ ಕೊಡಿ. ಮಗ ಹಬ್ಬಕ್ಕೆ ಬರ್ತಾನೆ, ತೋರಿಸ್ತೀನಿ" ಎಂದು ಕೈ ನೀಡಿದರು.